ಶನಿವಾರದ ಕೇಕು

ಅವ್ವನ ಬಾಯಿಗೆ ಕರೆಂಟು ಕೊಡಿಸಲು ಶುರು ಮಾಡಿದ ಮೂರನೇ ವಾರದಿಂದ ಅವಳು ನನ್ನನ್ನು ಕಂಡರೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ನಗಿಸಬೇಡ ಎಂದು ಅದರ ಅರ್ಥ. ಕರೆಂಟು ಅಂದರೆ ರೇಡಿಯೇಶನ್ನು. ನಮ್ಮ ಕಡೆ ಎಲ್ಲರೂ ಅದನ್ನು ಹಾಗೇ ಕರೆಯುತ್ತಾರೆ. ಎಷ್ಟೋ ವರ್ಷಗಳಿಂದ ಎಲೆಅಡಿಕೆಯ ಜೊತೆ ಕಡ್ಡಿಪುಡಿ ಒತ್ತಿಟ್ಟುಕೊಳ್ಳುತ್ತಿದ್ದ ಎಡಗೆನ್ನೆಯೊಳಗೆ ಹುಣ್ಣಾಗಿ, ಅದು ಬರಿಯ ಹುಣ್ಣಲ್ಲ ಎಂದು ಗೊತ್ತಾಗಿ, ಬೈರಾಪಟ್ಟಣದ ಹತ್ತಿರದ ನಮ್ಮೂರಿನಿಂದ ಸೋಮವಾರದಿಂದ ಶುಕ್ರವಾರದವರೆಗೆ ಬಸ್ಸು ಹತ್ತಿ ಬೆಂಗಳೂರಿನ ಆಸ್ಪತ್ರೆಗೆ ಹೋಗಿಬರುವುದೇ ನಮ್ಮಿಬ್ಬರ ಕೆಲಸವಾಗಿತ್ತು. ಕರೆಂಟು ಅವಳ ಬಾಯೊಳಗಿನ ಚರ್ಮವನ್ನೆಲ್ಲ ಸುಲಿದುಹಾಕಿತ್ತು. ನಕ್ಕರೆ ಬಿರಿದು ರಕ್ತ ಜಿನುಗುತ್ತಿತ್ತು.

ನನಗೆ ಬರುವುದೆಂದರೆ ನಗಿಸುವುದೊಂದೇ. ಮದುವೆಮನೆಯ ಆರ್ಕೆಸ್ಟ್ರಾಗಳಲ್ಲಿ ಹಾಡುಗಾರರು ನೀರು ಕುಡಿಯುವ ಹೊತ್ತಿಗೆ ವೇದಿಕೆಗೆ ನುಗ್ಗಿ ಮಿಮಿಕ್ರಿ ಮಾಡುವವನು ನಾನು. ಸಾತನೂರಿನ ಬಸ್ಸಿನ ಕಂಡಕ್ಟರು ಸ್ಟಾಪುಗಳ ಹೆಸರನ್ನು ಮೂಗಿನಲ್ಲೇ ಕೂಗುವುದು, ರೇಷ್ಮೆಗೂಡು ಕೊಳ್ಳಲು ಬಂದವನು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಸತ್ತವರ ಮನೆಗೆ ಬಂದವನಂತೆ ಮುಖ ಮಾಡುವುದು, ಅಪ್ಪ ಬೈಯುವ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ಎಲ್ಲವೂ ನನ್ನ ಬಳಿ ಇವೆ. ನನ್ನನ್ನೇ ಅನುಕರಿಸುವುದಾದರೆ ಇನ್ನೂ ಸುಲಭ: ಬಾಯಿ ತೆರೆದಿಟ್ಟು ಕೈ ಕಟ್ಟಿಕೊಂಡು ನಿಂತರೆ ಸಾಕು. ಇದಕ್ಕೆಲ್ಲ ಮೊದಲು ನಕ್ಕವಳು ಅವ್ವ. ಸೆರಗನ್ನು ಬಾಯಿಗೆ ತುರುಕಿಕೊಂಡು, 'ಸಾಕು ಸುಮ್ಕಿರ್ಲಾ, ಹೊಟ್ಟೆ ಹಿಡ್ಕತೈತೆ' ಎನ್ನುತ್ತ, ನಾನು ಸುಮ್ಮನಾದರೆ 'ಆಮ್ಯಾಕೆ?' ಎಂದು ಕೇಳುತ್ತಿದ್ದಳು. ಅಂಥವಳೇ ಅಂಗೈ ಅಡ್ಡ ಹಿಡಿದ ಮೇಲೆ ಅವಳ ಮಂಚದ ಪಕ್ಕ ಕೂತು ಏನು ಮಾಡಬೇಕೆಂದೇ ನನಗೆ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಊಟದ ವಿಚಾರ ಹೇಳುವ ಒಬ್ಬ ಮೇಡಂ ಇದ್ದರು. ಬಹಳ ಮೆದುವಾಗಿ ಬಹಳ ಕಷ್ಟದ ಮಾತು ಹೇಳುವ ಹೆಂಗಸು. 'ಖಾರ ಬೇಡ, ಹುಳಿ ಬೇಡ, ಬಿಸಿ ಬೇಡ, ಒರಟಾಗಿರೋದು ಏನೂ ಬೇಡ. ಆದ್ರೆ ತಿನ್ನಲೇಬೇಕು. ಪ್ರತಿ ಸೋಮವಾರ ತೂಕ ನೋಡ್ತೀವಿ. ಹೀಗೇ ಇಳೀತಾ ಹೋದ್ರೆ ಮೂಗಿಗೆ ಪೈಪ್ ಹಾಕ್ಬೇಕಾಗತ್ತೆ. ಅದನ್ನೂ ತಡೀದೆ ಇದ್ರೆ ಟ್ರೀಟ್‌ಮೆಂಟ್ ನಿಲ್ಲಿಸ್ಬೇಕಾಗತ್ತೆ.' ಅವರು ಆಚೆ ಹೋದ ಮೇಲೆ ನಾನು ರೂಢಿಯಂತೆ ಅವರದೇ ದನಿಯಲ್ಲಿ 'ತಿನ್ನಲೇಬೇಕು' ಎಂದೆ. ಅವ್ವ ಅಂಗೈ ಎತ್ತಿದಳು.

ಹಿಟ್ಟು ಅಂದರೆ ರಾಗಿಮುದ್ದೆ. ಹಿಟ್ಟು ಸಾರು ಉಂಡು ಬೆಳೆದ ಹೆಂಗಸಿಗೆ ಹಿಟ್ಟೂ ಇಲ್ಲ, ಸಾರೂ ಇಲ್ಲ. ಗಂಜಿ ಕಂಡರೆ ಓಕರಿಕೆ. ಹಾಲನ್ನು ನಾಲ್ಕು ಗುಟುಕು ಕುಡಿದು ಲೋಟ ಸರಿಸುತ್ತಿದ್ದಳು. ಹೀಗಿರುವಾಗ ಒಂದು ದಿನ ವಾಪಸು ಬರುತ್ತ ರಾಮನಗರದಲ್ಲಿ ಬಸ್ಸು ಬದಲಿಸಲು ಇಳಿದಾಗ, ಅವ್ವ ಬೇಕರಿಯ ಗಾಜಿನ ಕಡೆ ಬೆರಳು ತೋರಿಸಿದಳು. ಸಾದಾ ಕೇಕು. ಒಂದು ತುಂಡು ಕೊಂಡು, ಲೋಟದ ಹಾಲಿನಲ್ಲಿ ಅದ್ದಿ ಕೊಟ್ಟೆ. ಅದರೊಳಗಿನ ಕೆಂಪು ಹಸಿರು ಟುಟಿಫ್ರುಟಿ ಚೂರುಗಳನ್ನು ಉಗುರಿನ ತುದಿಯಲ್ಲಿ ಒಂದೊಂದಾಗಿ ಕಿತ್ತು ನನ್ನ ಕೈಗೆ ಹಾಕಿ, ಮಿಕ್ಕಿದ್ದನ್ನು ತಿಂದಳು. ಅವತ್ತು ಅವಳ ಹೊಟ್ಟೆಗೆ ಹೋದ ಗಟ್ಟಿ ಪದಾರ್ಥ ಅದೊಂದೇ. ಮಾರನೆಯ ದಿನವೂ ಕೊಂಡೆವು. ಅಂಚು ಗಟ್ಟಿಯಾಗಿತ್ತು, ತಾಗಿ ರಕ್ತ ಬಂತು. ಬೇಕರಿಯವನದು ತಪ್ಪಲ್ಲ, ಕೇಕು ಅಂದ ಮೇಲೆ ಅಂಚು ಇರುತ್ತದೆ.

ಓವನ್ನು ಬಂದದ್ದು ಇದಾದ ಮೇಲೆ. ಅದು ರಾಮನಗರದ ಚಿಕ್ಕವ್ವನದು. ಅವಳು ಅದನ್ನು ಯಾವುದೋ ಹಬ್ಬದ ರಿಯಾಯಿತಿಯಲ್ಲಿ ಕೊಂಡು, ಒಂದೇ ಒಂದು ಸಲ ಪಿಜ್ಜಾ ಮಾಡಿ, ಆ ಪಿಜ್ಜಾವನ್ನು ಬೀದಿನಾಯಿ ಮೂಸಿ ನೋಡಿ ಮುಂದೆ ಹೋದ ಮೇಲೆ, ಒಳಗೆ ಹಪ್ಪಳದ ಡಬ್ಬಿ ಇಟ್ಟುಕೊಂಡಿದ್ದಳು. 'ತಗೊಂಡೋಗ್ಲಾ. ಇಲ್ಲಿ ಜಾಗಕ್ಕೆ ದಂಡ. ಅಕ್ಕುಂಗೆ ಏನಾರ ಮೆತ್ಗೆ ಮಾಡ್ಕೊಡು' ಎಂದಳು. ಹಪ್ಪಳದ ಡಬ್ಬಿಯನ್ನು ಮಾತ್ರ ತೆಗೆದಿಟ್ಟುಕೊಂಡಳು.

ದಪ್ಪ ಪಿನ್ನಿನ ಪ್ಲಗ್ಗು ಅದರದು. ಅಂಥ ಸಾಕೆಟ್ಟು ನಮ್ಮ ಮನೆಯಲ್ಲಿ ಇದ್ದದ್ದು ಒಂದೇ, ನಡುಮನೆಯಲ್ಲಿ ಫ್ರಿಜ್ಜಿನದು. ಫ್ರಿಜ್ಜಿನ ವೈರು ಕಿತ್ತು, ರಾಗಿ ತುಂಬಿದ ಡ್ರಮ್ಮಿನ ಮೇಲೆ ಓವನ್ನು ಕೂರಿಸಿದೆ. ಎದುರಿಗೇ ಅವ್ವನ ಮಂಚ. ಹೀಗಾಗಿ ನಾನು ಮಾಡಿದ ತಪ್ಪುಗಳೆಲ್ಲ ಅವಳ ಕಣ್ಣೆದುರೇ ನಡೆದವು.

ಮೊದಲು ಅಪ್ಪನ ತಕರಾರು. ನಮ್ಮ ಮನೆಯ ಹಿಂದೆಯೇ ರೇಷ್ಮೆಹುಳು ಸಾಕುವ ಮನೆ. ಹುಳುವಿಗೆ ವಾಸನೆ ಆಗುವುದಿಲ್ಲ ಎಂಬುದು ಅಪ್ಪನ ನಂಬಿಕೆ. ಅವನ ಆಳ್ವಿಕೆಯಲ್ಲಿ ಹುಳುವಿನ ಮನೆಗೆ ಬೀಡಿ ಸೇದಿದವರು ಬರುವಂತಿಲ್ಲ, ಪೌಡರು ಹಚ್ಚಿಕೊಂಡವರು ಬರುವಂತಿಲ್ಲ. ಒಗ್ಗರಣೆಯ ಘಾಟು ಆ ಕಡೆ ಹೋದರೆ ನನಗೆ ಬೈಗುಳ. ನಾನು ತಂದಿದ್ದ ವೆನಿಲಾ ಸೀಸೆಯನ್ನು ಮೂಸಿ ನೋಡಿ ಗಂಟಲು ಸರಿಮಾಡಿಕೊಂಡ.

'ಈ ಸೆಂಟು ಗಿಂಟು ಹಾಕಂಗಿಲ್ಲ. ಹುಳ ನಾಕನೇ ಜ್ವರ ಎದ್ದವೆ.'

'ಇದು ಮೈಗಲ್ಲ ಕಣಪ್ಪ, ಕೇಕಿಗೆ. ಇಲ್ದಿದ್ರೆ ಮೊಟ್ಟೆ ವಾಸ್ನೆ ಬತ್ತದೆ.'

'ಮೊಟ್ಟೆ ಹಾಕಿದ್ಮೇಲೆ ಮೊಟ್ಟೆ ವಾಸ್ನೆ ಬರ್ದೆ ಮಲ್ಲಿಗೆ ವಾಸ್ನೆ ಬತ್ತದೇನ್ಲಾ?'

ವೆನಿಲಾ ಸೀಸೆ ಬಚ್ಚಲ ಗೂಡು ಸೇರಿತು.

ಫೋನಿನ ವೀಡಿಯೋದಲ್ಲಿ ಒಬ್ಬಾಕೆ 'ಓವನ್ನ ಹತ್ತು ನಿಮಿಷ ಪ್ರೀಹೀಟ್ ಮಾಡ್ಕೊಳಿ ಫ್ರೆಂಡ್ಸ್' ಎಂದಳು. ನೂರ ಎಂಬತ್ತಕ್ಕೆ ತಿರುಗಿಸಿ, ಮೇಲಿನ ಕೆಳಗಿನ ಎರಡೂ ಸರಳು ಕೆಂಪಾಗುವುದನ್ನು ನೋಡುತ್ತ ಕೂತೆ. 'ಬರೀ ಪೆಟ್ಗೆ ಕಾಯಿಸ್ತಾ ಕುಂತವ್ನೆ ನೋಡು' ಎಂದು ಅಪ್ಪ ಗೊಣಗಿದ. 'ಹೆಂಚು ಕಾಯ್ದೆ ದೋಸೆ ಹುಯ್ತಾರೇನಪ್ಪ?' ಎಂದೆ. ಅವ್ವ ಮಂಚದಲ್ಲಿ ಮುಖ ಆಚೆ ತಿರುಗಿಸಿಕೊಂಡಳು, ನಗು ಬಂದಿರಬೇಕು.

ಬೆಣ್ಣೆ, ಸಕ್ಕರೆ, ಮೊಟ್ಟೆ, ಹಾಲು, ಸೋಡಾ ಬೆರೆಸಿದ ಮೈದಾ. ಎಲ್ಲ ಒಂದು ಪಾತ್ರೆಗೆ ಹಾಕಿ ಕಲಸುವಾಗ ಮೈದಾ ಅಲ್ಲಲ್ಲಿ ಗಂಟು ಗಂಟಾಯಿತು. ಅವ್ವ ಚಪ್ಪಾಳೆ ತಟ್ಟಿ ಕರೆದಳು. ಗಾಳಿಯಲ್ಲಿ ಕೈ ತಿರುವಿ ತೋರಿಸಿದಳು: ತಿರುವು. ಇನ್ನೂ ತಿರುವು. ನಮ್ಮ ಮನೆಯಲ್ಲಿ ಗಂಟು ಅಂದರೆ ಮಾನ ಹೋದಂತೆ. ಎಸರಿಗೆ ರಾಗಿಹಿಟ್ಟು ಬಿಟ್ಟು, ಪಾತ್ರೆಯನ್ನು ಎರಡು ಕಾಲಿನ ನಡುವೆ ಕಚ್ಚಿ ಹಿಡಿದು, ಹಿಟ್ಟಿನ ಕೋಲಿನಲ್ಲಿ ತೊಳಸುತ್ತಿದ್ದ ಅವ್ವನ ಕೈಯ ಮುದ್ದೆಯಲ್ಲಿ ಒಂದು ಗಂಟು ಸಿಕ್ಕಿದ್ದನ್ನು ನಾನು ಕಂಡಿಲ್ಲ. ನೆಂಟರ ಮನೆಯ ಮುದ್ದೆಯಲ್ಲಿ ಗಂಟು ಸಿಕ್ಕರೆ ದಾರಿಯುದ್ದಕ್ಕೂ ಅದೇ ಮಾತು. ಆದ್ದರಿಂದ ನಾನೂ ಹಿಟ್ಟಿನ ಕೋಲನ್ನೇ ತಂದೆ. ತೋಳು ಸೋಲುವವರೆಗೂ ತೊಳಸಿದೆ. ಅವ್ವ ತಲೆದೂಗಿದಳು. ಹಿಟ್ಟು ಕನ್ನಡಿಯಂತಾಯಿತು.

ಬೆಂದು ಹೊರಬಂದದ್ದನ್ನು ಅಪ್ಪ ಬೆರಳಲ್ಲಿ ಒತ್ತಿದ. ಅದು ಅವನ ಬೆರಳನ್ನು ವಾಪಸು ಒತ್ತಿತು. 'ಇದ್ನ ಗಾಡಿ ಟೈರಿಗೆ ತೇಪೆ ಹಾಕ್ಬೋದು ಕಣ್ಲಾ' ಎಂದ. ಹಾಲಿನಲ್ಲಿ ನೆನೆಸಿದರೂ ನೆನೆಯದೆ ತೇಲಿತು.

ಎರಡನೆಯದು ಬಾಗಿಲಿಂದ ಕೆಟ್ಟಿತು. ಉಬ್ಬಿತೋ ಇಲ್ಲವೋ ಎಂದು ನೋಡುವ ಆತುರಕ್ಕೆ ನಾಲ್ಕು ಸಲ ಬಾಗಿಲು ತೆಗೆದೆ. ನಾಲ್ಕನೆಯ ಸಲ ನನ್ನ ಕಣ್ಣೆದುರೇ ನಡುಭಾಗ ಕುಸಿದು ಹಳ್ಳವಾಯಿತು. ಅಪ್ಪ ಹಿಂದೆ ನಿಂತಿದ್ದ. ಈ ಸಲ ಅವನು ನಗಲಿಲ್ಲ.

'ಜ್ವರಕ್ಕೆ ಕುಂತಿರೋ ಹುಳನ ನಾನು ಮುಟ್ತೀನೇನ್ಲಾ?'

'ಇಲ್ಲ.'

'ಸೊಪ್ಪು ಹಾಕ್ತೀನಾ? ಬಾಗ್ಲು ತೆಗ್ದು ಗಾಳಿ ಬುಡ್ತೀನಾ?'

'ಇಲ್ಲ ಕಣಪ್ಪ.'

'ಒಳ್ಗೆ ಅದರ ಪಾಡಿಗೆ ಅದು ಪೊರೆ ಬುಡ್ತಾ ಇರ್ತದೆ. ನಾವು ಆಚೆ ಕುಂತಿರ್ಬೇಕು, ಅಷ್ಟೇಯ. ಇದೂ ಹಂಗೇ ಅಂತ ಕಾಣ್ತದೆ.'

ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಅವು ತಿನ್ನುವುದಿಲ್ಲ, ಅಲುಗುವುದಿಲ್ಲ, ತಲೆಯೆತ್ತಿಕೊಂಡು ಸುಮ್ಮನೆ ಕೂರುತ್ತವೆ. ಅದನ್ನು ಹೇಳುವಾಗ ಅಪ್ಪ ನೋಡುತ್ತಿದ್ದದ್ದು ಓವನ್ನನ್ನಲ್ಲ, ಮಂಚವನ್ನು.

ಮೂರನೆಯ ಸಲ ವೀಡಿಯೋವನ್ನು ನೆಟ್ಟಗೆ ನೋಡಿದೆ. ಮೈದಾ ಹಾಕಿದ ಮೇಲೆ ತಿರುವಬಾರದು, ಮಡಿಚುವಂತೆ ನಾಲ್ಕು ಸಲ ಆಡಿಸಿ ಬಿಡಬೇಕು, ಸಣ್ಣ ಪುಟ್ಟ ಗಂಟು ಉಳಿದರೆ ಉಳಿಯಲಿ ಎಂದು ಆಕೆ ಮೊದಲ ದಿನವೇ ಹೇಳಿದ್ದಳು. ಹಿಟ್ಟಿನ ಕೋಲಿನ ವಂಶದವನಿಗೆ ಅದು ಕಿವಿಗೇ ಬಿದ್ದಿರಲಿಲ್ಲ. ನಾನು ಗಂಟು ಬಿಟ್ಟೆ. ಅವ್ವ ಕೈ ತಿರುವಿದಳು. ನಾನು ತಲೆಯಾಡಿಸಿದೆ. ಮತ್ತೆ ಜೋರಾಗಿ ತಿರುವಿದಳು. 'ಬ್ಯಾಡ ಕಣವ್ವ, ತಿರುವಿದ್ರೆ ಗಟ್ಟಿ ಆಯ್ತದೆ.' ಅವಳು ಗೋಡೆಯ ಕಡೆ ಹೊರಳಿ ಮಲಗಿಕೊಂಡಳು. ಗಂಟಿನ ಹಿಟ್ಟನ್ನು ಬೇಯಲಿಕ್ಕೆ ಇಡುವ ಮಗನನ್ನು ನೋಡಲಾಗದೆ.

ಬೆಣ್ಣೆ ಸವರಿ ಮೈದಾ ಉದುರಿಸಿದ ಅಲ್ಯುಮಿನಿಯಂ ಪಾತ್ರೆಯನ್ನು ನಡುವಿನ ಜಾಲರಿಯ ಮೇಲಿಟ್ಟೆ. ಬಾಗಿಲು ಮುಟ್ಟಲಿಲ್ಲ. ಅಪ್ಪನೂ ಕುಕ್ಕರುಗಾಲಿನಲ್ಲಿ ಗಾಜಿನ ಮುಂದೆ ಕೂತ. ಅರ್ಧ ಗಂಟೆ ದಾಟಿದ ಮೇಲೆ ತೊಳೆದ ತೆಂಗಿನಗರಿಯ ಕಡ್ಡಿ ಚುಚ್ಚಿ ತೆಗೆದೆ. ಏನೂ ಅಂಟಿರಲಿಲ್ಲ. ಪೂರ್ತಿ ಆರಲು ಬಿಟ್ಟು, ಪಾತ್ರೆ ಬೋರಲು ಹಾಕಿ, ಸುತ್ತಲಿನ ಅಂಚನ್ನೂ ಮೇಲಿನ ಕಂದು ಪದರವನ್ನೂ ಕತ್ತರಿಸಿ ತೆಗೆದೆ. ಒಳಗಿನದನ್ನು ಹಾಲಿನಲ್ಲಿ ಅದ್ದಿ ಚಮಚದಲ್ಲಿ ಕೊಟ್ಟೆ. ಅವ್ವ ಗೋಡೆಯಿಂದ ಈ ಕಡೆ ಹೊರಳಿದಳು. ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಹಾಗೇ ಇದ್ದಳು. ನುಂಗಿದಳು. ಆಮೇಲೆ ಮತ್ತೆ ಬಾಯಿ ತೆರೆದಳು.

ಕತ್ತರಿಸಿದ ಅಂಚುಗಳೆಲ್ಲ ಅಪ್ಪನ ಟೀಗೆ ಹೋದವು. ಆ ಸೋಮವಾರ ತೂಕ ಇಳಿದಿರಲಿಲ್ಲ. ಮೇಡಂ ನನ್ನನ್ನು ನೋಡಿ, 'ಏನು ಕೊಡ್ತಿದೀರಿ?' ಎಂದರು. 'ಕೇಕು ಮೇಡಂ. ನಾನೇ ಮಾಡಿದ್ದು' ಎಂದು ನನ್ನ ದನಿಯಲ್ಲೇ ಹೇಳಿದೆ. ವೇದಿಕೆಯ ಮೇಲೆ ಎಷ್ಟೋ ಚಪ್ಪಾಳೆ ಬಿದ್ದಿದೆ; ಅವರ ಒಂದು 'ಗುಡ್'ಗೆ ಹಿಗ್ಗಿದಷ್ಟು ಯಾವತ್ತೂ ಹಿಗ್ಗಿರಲಿಲ್ಲ.

ಆಮೇಲೆ ಶನಿವಾರ ಬಂತು.

ಮದುವೆಯಾಗಿ ಬಂದಂದಿನಿಂದ ಅವ್ವ ಕೆಂಗಲ್ ಆಂಜನೇಯನಿಗೆ ನಡೆದುಕೊಂಡವಳು. ಶನಿವಾರ ಬಾಡಿಲ್ಲ, ಮೊಟ್ಟೆಯಿಲ್ಲ. ಅದನ್ನು ಮಾಡಿದ ಪಾತ್ರೆಯನ್ನೂ ಮುಟ್ಟಳು. ನಾನು ಕೇಕು ತಂದಾಗ ಗೋಡೆಯ ಕ್ಯಾಲೆಂಡರಿನ ಕಡೆ ಬೆರಳು ತೋರಿಸಿದಳು, ತಟ್ಟೆ ಸರಿಸಿದಳು. ದಿನವೆಲ್ಲ ಅರ್ಧ ಲೋಟ ಹಾಲು. ಭಾನುವಾರ ಏಳಲೂ ಆಗದಷ್ಟು ಸುಸ್ತಾಗಿ, ಕೇಕೂ ಸೇರಲಿಲ್ಲ. ಸೋಮವಾರ ತೂಕದ ಮುಳ್ಳು ಕೆಳಗಿತ್ತು.

ಮುಂದಿನ ಶನಿವಾರಕ್ಕೆ ಮೊಟ್ಟೆಯ ಬದಲು ಮೊಸರು ಹಾಕಿ ಮಾಡುವುದನ್ನು ನೋಡಿಕೊಂಡೆ. ಚೆನ್ನಾಗಿಯೇ ಉಬ್ಬಿತು. ನನ್ನ ನಾಲಗೆಗೆ ಹುಳಿ ಗೊತ್ತೇ ಆಗಲಿಲ್ಲ. ಅವ್ವ ಒಂದು ಚಮಚ ಬಾಯಿಗಿಟ್ಟುಕೊಂಡವಳು ಎರಡೂ ಕೈಯಲ್ಲಿ ಹಾಸಿಗೆ ಹಿಡಿದುಕೊಂಡಳು. ಉಗುಳಿದರೆ ನನಗೆ ಬೇಜಾರಾದೀತೆಂದು ನುಂಗಿದಳು. ಕಣ್ಣಿಂದ ನೀರು ಕಿವಿಯವರೆಗೆ ಇಳಿಯಿತು. ಸೋಮವಾರ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, 'ಇನ್ನೊಂದು ವಾರ ಹೀಗೇ ಆದ್ರೆ ಪೈಪ್ ಹಾಕ್ತೀವಿ' ಎಂದರು. ಅವ್ವ ಬೆಂಚಿನ ಮೇಲೆ ಕೂತಿದ್ದಳು. ಎದುರಿಗೆ ಮೂಗಿನಲ್ಲಿ ಪೈಪು ಇದ್ದ ಒಬ್ಬ ಹೆಂಗಸು ಕೂತಿದ್ದಳು. ಅವ್ವ ಅದನ್ನು ನೋಡದಿರಲು ನೆಲ ನೋಡುತ್ತಿದ್ದಳು.

ಮೂರನೆಯ ಶನಿವಾರ ನಾನು ಅಡುಗೆಮನೆಯಲ್ಲೇ ಹಿಟ್ಟು ಕಲಸಿಕೊಂಡು ಬಂದೆ. ಎರಡು ಮೊಟ್ಟೆ ಹಾಕಿದ್ದೆ. ಚಿಪ್ಪನ್ನು ಕಾಗದದಲ್ಲಿ ಸುತ್ತಿ ತಿಪ್ಪೆಯ ಅಡಿಗೆ ತಳ್ಳಿದ್ದೆ.

'ಮೊಟ್ಟೆ ಹಾಕಿಲ್ಲ ಕಣವ್ವ. ಮೊಸ್ರೂ ಇಲ್ಲ. ಹೊಸ ತರ ಒಂದು ಕಲ್ತಿದೀನಿ' ಎಂದೆ. ಅಪ್ಪನಿಗೂ ಹಾಗೇ ಹೇಳಿದೆ. ಸಂಜೆ ಫೋನು ಮಾಡಿದ ಚಿಕ್ಕವ್ವನಿಗೂ ಹಾಗೇ ಹೇಳಿದೆ. ಸುಳ್ಳನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಬಡಿಸಿದರೆ ಸಿಕ್ಕಿಬೀಳುವುದಿಲ್ಲ ಎಂಬ ಲೆಕ್ಕ ನನ್ನದು.

ವೆನಿಲಾ ಇಲ್ಲದ ಕೇಕು. ಬೇಯುವಾಗ ನಡುಮನೆಯೆಲ್ಲ ಏನು ವಾಸನೆ ಬಂದಿರಬೇಕು ಎಂದು ನನಗೆ ಆಮೇಲೆ ಹೊಳೆಯಿತು. ನನ್ನ ಮೂಗು ಅದಕ್ಕೆ ಒಗ್ಗಿಹೋಗಿತ್ತು. ಚಮಚ ಹತ್ತಿರ ತಂದಾಗ ಅವ್ವ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಎಬ್ಬಿಸಿ ಕೂರಿಸು ಎಂದು ಸನ್ನೆ ಮಾಡಿದಳು. ಕೂರಿಸಿದೆ. ಕೆಂಗಲ್ ಇರುವ ದಿಕ್ಕಿಗೆ ತಿರುಗಿ ಕೈ ಮುಗಿದಳು. ತಪ್ಪಾಯಿತು ಎಂದು ದೇವರ ಮುಂದೆ ಎರಡೂ ಕೆನ್ನೆ ಬಡಿದುಕೊಳ್ಳುತ್ತೇವಲ್ಲ, ಹಾಗೆ ಎರಡೂ ಕೈ ಎತ್ತಿದಳು. ಬಲಗೈ ಬಲಗೆನ್ನೆಯನ್ನು ಮೆಲ್ಲಗೆ ಮುಟ್ಟಿತು. ಎಡಗೈ ಎಡಗೆನ್ನೆಯ ಹತ್ತಿರ ಹೋಗಿ, ಮುಟ್ಟಲಾಗದೆ, ಗಾಳಿಯಲ್ಲೇ ಎರಡು ಸಲ ಆಡಿತು. ಆಮೇಲೆ ನನ್ನ ಕಡೆ ತಿರುಗಿ ಬಾಯಿ ತೆರೆದಳು.

ನಾನು ತಿನ್ನಿಸಿದೆ. ಚಿಕಿತ್ಸೆ ಮುಗಿಯುವವರೆಗೆ ಇನ್ನೂ ಎರಡು ಶನಿವಾರ ಬಂದವು. ಎರಡೂ ಸಲ ಅವಳು ಮೊದಲು ಆ ದಿಕ್ಕಿಗೆ ತಿರುಗಿ ಕೂತಳು, ನಾನು ಚಮಚ ಹಿಡಿದು ಕಾದೆ. ತನಗೆ ಹಸಿವೆಂದು ಅವಳು ಅದನ್ನು ತಿನ್ನಲಿಲ್ಲ. ಅಷ್ಟು ನನಗೆ ಗೊತ್ತು. ಎದುರಿಗೆ ಚಮಚ ಹಿಡಿದು ಕೂತವನ ಮುಖ ನೋಡಿ ತಿಂದಳು.

ಪೈಪು ಹಾಕಲಿಲ್ಲ. ಕರೆಂಟು ಪೂರ್ತಿಯಾಯಿತು. ಮೇಡಂ ನನ್ನ ಬೆನ್ನು ತಟ್ಟಿದರು. ಬಾಯಿ ಮಾಗಿ, ಅವ್ವ ಮೂರು ತಿಂಗಳು ಮೆತ್ತಗಿನ ಹಿಟ್ಟು ಉಂಡಳು, ನಾನು ಕಂಡಕ್ಟರನ ದನಿ ತೆಗೆದರೆ ನಕ್ಕಳು. ಆಮೇಲೆ ಅದೇ ಕಾಯಿಲೆ ಕತ್ತಿನಲ್ಲಿ ಗಂಟಾಗಿ ಕಾಣಿಸಿತು. ಆ ಸಲ ಡಾಕ್ಟರು ಊಟದ ವಿಚಾರ ಏನೂ ಹೇಳಲಿಲ್ಲ, ಏನು ಕೇಳಿದರೂ ಕೊಡಿ ಎಂದರು. ಅವಳು ಏನೂ ಕೇಳಲಿಲ್ಲ.

ಅವಳು ಹೋಗಿ ಐದಾರು ತಿಂಗಳಾದ ಮೇಲೆ ಒಂದು ಶನಿವಾರ ಚಿಕ್ಕವ್ವ ಬಂದಿದ್ದಳು. ರಾಗಿ ಡ್ರಮ್ಮಿನ ಮೇಲೆ ಧೂಳು ಹಿಡಿದು ಕೂತಿದ್ದ ಓವನ್ನನ್ನು ಸೆರಗಿನಲ್ಲಿ ಒರೆಸುತ್ತ, 'ಒಸಿ ಕೇಕು ಮಾಡ್ಲಾ, ನಿಮ್ಮಪ್ಪ ಸೊರಗೋಗವ್ರೆ' ಎಂದಳು.

'ಇವತ್ತು ಶನಿವಾರ ಕಣ್ ಚಿಕ್ಕವ್ವ. ಮೊಟ್ಟೆ ಹಾಕಂಗಿಲ್ವಲ್ಲ.'

'ಮೊಟ್ಟೆ ಯಾಕೆ? ಬಾಳೆಹಣ್ಣು ಕಿವುಚಿ ಹಾಕು.'

'ಹುಳಿ ಆಗಲ್ವಾ?' ಎಂದೆ.

'ಬಾಳೆಹಣ್ಣು ಎಲ್ಲಾರ ಹುಳಿ ಆಯ್ತದೇನ್ಲಾ ಪೆದ್ದ? ನಮ್ಮ ಪಕ್ಕದ್ಮನೇವ್ರು ಮೊಟ್ಟೆ ತಿನ್ನಲ್ಲ, ಅವ್ರು ಯಾವಾಗ್ಲೂ ಹಂಗೇ ಮಾಡದು.'

'ಇದು ನಿಂಗೆ ಮುಂಚ್ಲಿಂದ ಗೊತ್ತಿತ್ತಾ?'

'ಹ್ಞೂ, ಓವನ್ನು ತಂದಾಗ್ಲಿಂದ್ಲೂ ಗೊತ್ತು.' ಅವಳು ಒರೆಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. 'ಯಾಕ್ಲಾ? ಅಕ್ಕುಂಗೆ ಶನಿವಾರ ಮೊಟ್ಟೆ ಇಲ್ದೆ ಮಾಡ್ತೀನಿ ಅಂತ ನೀನೇ ಅಂದ್ಯಲ್ಲ. ನಿಂಗೂ ಗೊತ್ತೈತೆ ಅಂದ್ಕಂಡೆ.'

ಯಾರ ದನಿಯಲ್ಲಾದರೂ ಏನಾದರೂ ಒಂದು ಹೇಳಬೇಕಿತ್ತು. ಹಿತ್ತಿಲಿಗೆ ಹೋದೆ. ಬಚ್ಚಲ ನೀರು ಹರಿಯುವ ಕಡೆ ಬಾಳೆಯ ಬುಡಗಳು ನಾನು ಹುಟ್ಟುವ ಮುಂಚಿನಿಂದ ಇವೆ. ಗೊನೆ ಹಣ್ಣಾಗಿ, ಮೇಲಿನ ಚಿಪ್ಪನ್ನು ಅಳಿಲು ತಿಂದಿತ್ತು. ಎರಡು ಹಣ್ಣು ಕಿತ್ತು ತಂದು ಕಿವುಚಿದೆ. ಮೈದಾ ಹಾಕಿ ನಾಲ್ಕು ಸಲ ಆಡಿಸಿ ಬಿಟ್ಟೆ. ನೂರ ಎಂಬತ್ತಕ್ಕೆ ಕಾದ ಓವನ್ನಿಗೆ ಇಟ್ಟೆ. ಅಪ್ಪ ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಗಾಜಿನೊಳಗೆ ಅದು ನಿಧಾನವಾಗಿ ಎದ್ದು ನಿಲ್ಲುವುದನ್ನು ಇಬ್ಬರೂ ನೋಡಿದೆವು. ಚಿಕ್ಕವ್ವ ಏನೋ ಮಾತಾಡುತ್ತಲೇ ಇದ್ದಳು.

ಆರಿದ ಮೇಲೆ ಒಳಗಿನ ಒಂದು ತುಂಡನ್ನು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡೆ. ಹುಳಿಯಿಲ್ಲ. ಮೊಟ್ಟೆಯ ವಾಸನೆಯಿಲ್ಲ. ಹಲ್ಲು ಬೇಕಾಗಲಿಲ್ಲ. ನಾಲಗೆಯ ಮೇಲೆ ಇಟ್ಟದ್ದು ಇಟ್ಟಲ್ಲಿಯೇ ಕರಗಿಹೋಯಿತು.